ಫಿಲಿಪ್ ಮೆಡೋಸ್ ಟೇಲರ್

ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ (25 ಸೆಪ್ಟೆಂಬರ್ 1808 – 13 ಮೇ 1876) ಹೈದರಾಬಾದ್ ನಿಜಾಮರ ಸೇವೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ, ಕಾದಂಬರಿಕಾರ ಹಾಗೂ ಚಿತ್ರಕಾರರು. ಉಳಿಯಿಂದ ಕೆತ್ತದೆ, ಬಂಡೆಗಳನ್ನು ಅವುಗಳ ಸಹಜ ರೂಪದಲ್ಲಿಯೇ ಜೋಡಿಸಿ ಪ್ರಾಚೀನರು ನಿರ್ಮಿಸಿದ ಸುರಪುರ ಪ್ರಾಂತದ ಶಿಲಾ ರಚನೆಗಳನ್ನು ಅಳೆದು, ಚಿತ್ರಿಸಿ, ವಿದ್ವಾಂಸರ ಗಮನಕ್ಕೆ ತಂದ ಮೊದಲಿಗರಲ್ಲಿ ಇವರೂ ಒಬ್ಬರು.

ಆರಂಭಿಕ ಜೀವನ

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಜನಿಸಿದ ಟೇಲರ್, 1824ರಲ್ಲಿ ಮುಂಬಯಿಯ ವ್ಯಾಪಾರ ಮಳಿಗೆಯೊಂದರಲ್ಲಿ ಕೆಲಸ ಮಾಡಲು ಭಾರತಕ್ಕೆ ಬಂದರು. ಅಲ್ಪಕಾಲದಲ್ಲಿಯೇ ನಿಜಾಮರ ಸೈನ್ಯವನ್ನು ಸೇರಿದರು. ದಖನ್ನಿನ ಭೂದೃಶ್ಯಗಳನ್ನೂ ಪ್ರಾಚೀನ ಕಟ್ಟಡಗಳನ್ನೂ ಚಿತ್ರಿಸುವುದು ಅವರ ಹವ್ಯಾಸವಾಗಿತ್ತು. ಅವರ ಚಿತ್ರಗಳು 'ಸ್ಕೆಚಸ್ ಇನ್ ದಿ ಡೆಕ್ಕನ್' ಎಂಬ ಹೆಸರಿನಲ್ಲಿ 1837ರಲ್ಲಿ ಪ್ರಕಟವಾದವು.

ಸುರಪುರದಲ್ಲಿ

ಬೇಡ ನಾಯಕ ಅರಸರ ಸುರಪುರ ಸಂಸ್ಥಾನದಲ್ಲಿ ಅರಸು ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದುದರಿಂದ, 1853ರವರೆಗೆ ಆಡಳಿತದ ಹೊಣೆ ಟೇಲರ್ ಅವರದಾಗಿತ್ತು. ಬಾಲಕ ಅರಸನು ಅವರನ್ನು ತಂದೆಯಂತೆ ಕಾಣುತ್ತಿದ್ದನು. ಆದರೆ 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ದಂಗೆಯೆದ್ದು ಸೆರೆಯಾದನು. ಅದೇ ವರ್ಷ ಬಂಧನದಲ್ಲಿದ್ದಾಗ ಗುಂಡೇಟಿನಿಂದ ಮೃತನಾದನು.

ಶಿಲಾ ರಚನೆಗಳ ಅಧ್ಯಯನ

ರಾಜನಕೋಳೂರಿನಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿದ ಕಲ್ಮನೆಗಳನ್ನು ಟೇಲರ್ ಗುರುತಿಸಿದರು. ಇವುಗಳನ್ನು ಸ್ಥಳೀಯರು ಮೋರಿಯರ ಮನೆಗಳೆಂದು ಕರೆಯುತ್ತಿದ್ದುದನ್ನೂ, ಮೋರಿಯರೆಂದರೆ ಕುಳ್ಳರೆಂಬ ನಂಬಿಕೆಯನ್ನೂ ದಾಖಲಿಸಿದರು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ದೊಡ್ಡ ಗುಂಡುಗಳು ಬಯಲಿನಲ್ಲಿ ಸಮಾನ ಅಂತರದ ಸಾಲುಗಳಲ್ಲಿವೆ. ಈ ಸಾಲುಗಳಿಗೂ ಸೂರ್ಯೋದಯದ ದಿಕ್ಕುಗಳಿಗೂ ಸಂಬಂಧವಿರಬಹುದೆಂದು ಇತ್ತೀಚಿನ ಕೆಲವು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ.

ಜೇವರ್ಗಿಯ ಕಲ್ಲುಗುಪ್ಪೆಯ ಗೋರಿಗಳನ್ನು ಅಗೆಸಿದ ಟೇಲರ್, ಮಣ್ಣಿನ ಪದರಗಳನ್ನು ತೋರಿಸುವ ಅಡ್ಡಕೊಯ್ತದ ಚಿತ್ರಗಳನ್ನು ಬರೆದರು. ಇಪ್ಪತ್ತನೆಯ ಶತಮಾನದ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಈ ಚಿತ್ರಗಳನ್ನು ಮೆಚ್ಚಿಕೊಂಡರು. ಈ ರಚನೆಗಳಿಗೆ ಯೂರೋಪಿನ ಪ್ರಾಚೀನ ಜನಾಂಗಗಳ ಸಂಬಂಧವಿದೆಯೆಂಬ ಟೇಲರ್ ಅವರ ವಾದವನ್ನು ಮಾತ್ರ ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಕೆತ್ತನೆಯಿಲ್ಲದ ಇಂತಹ ಕಲ್ಲುಗಳನ್ನು ಸಾಮಾನ್ಯ ಬಂಡೆಗಳೆಂದು ಭಾವಿಸಿ ಒಡೆಯುವುದು, ಸಾಗಿಸುವುದು ಸುಲಭ. ಆದ್ದರಿಂದ ಅವು ಎಲ್ಲಿ, ಹೇಗೆ ಇದ್ದವೆಂಬುದನ್ನು ತಿಳಿಯಲು ಅವರ ಅಳತೆ ಮತ್ತು ಚಿತ್ರಗಳು ಇಂದಿಗೂ ಆಧಾರವಾಗಿವೆ.

ಕೃತಿಗಳು

'ಕನ್ಫೆಷನ್ಸ್ ಆಫ್ ಎ ಥಗ್' (1839) ಇವರ ಪ್ರಸಿದ್ಧ ಕಾದಂಬರಿ. 'ತಾರಾ' (1863) ಬಿಜಾಪುರದ ಇತಿಹಾಸವನ್ನು ಆಧರಿಸಿದೆ. ಧಾರವಾಡ ಹಾಗೂ ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ 1866ರ ಛಾಯಾಚಿತ್ರ ಗ್ರಂಥಕ್ಕೆ ಐತಿಹಾಸಿಕ ವಿವರಣೆ ಬರೆದರು. ಆತ್ಮಕಥೆಯು ಮರಣಾನಂತರ 1877ರಲ್ಲಿ ಪ್ರಕಟವಾಯಿತು.

ನಿಧನ ಮತ್ತು ಸ್ಮರಣೆ

1860ರಲ್ಲಿ ಸೇವೆಯಿಂದ ನಿವೃತ್ತರಾದ ಟೇಲರ್, ಫ್ರಾನ್ಸಿನ ಮಾಂತೋನ್ ಪಟ್ಟಣದಲ್ಲಿ ನಿಧನರಾದರು. ಸುರಪುರದ ಬೆಟ್ಟದ ಮೇಲೆ ಅವರು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂದು ಹೆಸರಾಗಿದೆ. ವಿಭೂತಿಹಳ್ಳಿಯ ಶಿಲಾಸಾಲುಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿವೆ.