ಬಟ್ಟೆ ಅಂಗಡಿಯವರು ಕಂಡ ನೀರಿನ ಲೋಕ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಆಂಟನಿ ವಾನ್ ಲೀವೆನ್‌ಹುಕ್ ಅಂದರೆ ಒಂದು ಅಂಕದ ಪ್ರಶ್ನೆ: ಬ್ಯಾಕ್ಟೀರಿಯಾವನ್ನು ಮೊದಲು ಕಂಡವರು ಯಾರು? ಉತ್ತರ ಗುರುತಿಸಿ ಮುಂದೆ ಹೋಗುತ್ತೇವೆ. ಅವರ ಜೀವನ ಓದಿದ ಮೇಲೆ ನನಗೆ ಹಾಗೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

1632ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ, ಬುಟ್ಟಿ ಹೆಣೆಯುವವರ ಮನೆಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ಅಪ್ಪ ತೀರಿಕೊಂಡರು. ಹದಿಹರೆಯದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಬಟ್ಟೆ ವ್ಯಾಪಾರಿಯ ಬಳಿ ಕೆಲಸ ಕಲಿತು, ಊರಿಗೆ ಮರಳಿ ಸ್ವಂತ ಅಂಗಡಿ ಇಟ್ಟರು. 1660ರಲ್ಲಿ ನಗರಾಡಳಿತದಲ್ಲಿ ನೌಕರಿಯೂ ಸಿಕ್ಕಿತು. ಪದವಿ ಇರಲಿಲ್ಲ. ಅಂದಿನ ವಿದ್ವಾಂಸರ ಭಾಷೆ ಲ್ಯಾಟಿನ್. ಇವರಿಗೆ ಬರುತ್ತಿದ್ದುದು ಡಚ್ ಮಾತ್ರ.

ಬಿಡುವಿನಲ್ಲಿ ಪುಟ್ಟ ಮಸೂರಗಳನ್ನು ತಯಾರಿಸುತ್ತಿದ್ದರು. 1674ರಲ್ಲಿ ಊರ ಹತ್ತಿರದ ಸರೋವರದ ನೀರು ತಂದು ನೋಡಿದರು. ಬೇಸಿಗೆಯಲ್ಲಿ ಆ ನೀರು ಹಸಿರಾಗುತ್ತಿತ್ತು. ಅದಕ್ಕೆ ಇಬ್ಬನಿ ಕಾರಣವೆಂದು ಜನ ನಂಬಿದ್ದರು. ಮಸೂರದಡಿ ಕಂಡದ್ದು ಸುರುಳಿಯಾಕಾರದ ಹಸಿರು ಎಳೆಗಳು, ಅವುಗಳ ನಡುವೆ ಓಡಾಡುವ ಜೀವಿಗಳು. 1676ರಲ್ಲಿ, ಕಾಳುಮೆಣಸು ನೆನೆಸಿಟ್ಟ ನೀರಿನಲ್ಲಿ ಅವಕ್ಕಿಂತಲೂ ಚಿಕ್ಕವು ಕಂಡವು. ಅವೇ ಬ್ಯಾಕ್ಟೀರಿಯಾ.

ಲಂಡನ್ನಿನ ರಾಯಲ್ ಸೊಸೈಟಿ ಸುಲಭಕ್ಕೆ ನಂಬಲಿಲ್ಲ. ಅವರು ಎಂಟು ಮಂದಿಗೆ ನೀರಿನ ಜೀವಿಗಳನ್ನು ತೋರಿಸಿ, ಅವರ ಸಾಕ್ಷಿಪತ್ರಗಳನ್ನು ಕಳಿಸಿದರು. 1677ರಲ್ಲಿ ರಾಬರ್ಟ್ ಹುಕ್ ಅದೇ ಪ್ರಯೋಗ ಮಾಡಿ, ಕಂಡದ್ದು ನಿಜವೆಂದು ದೃಢಪಡಿಸಿದರು. 1680ರಲ್ಲಿ ಅದೇ ಸೊಸೈಟಿ ಇವರನ್ನು ಸದಸ್ಯರಾಗಿ ಆರಿಸಿತು.

ಮಳೆನೀರಿನಲ್ಲಿ ಅವರು ಕಂಡವುಗಳಲ್ಲಿ ಗಂಟೆಯಾಕಾರದ ವರ್ಟಿಸೆಲ್ಲಾ ಕೂಡ ಒಂದು. ಬಾಯಿಯ ಸುತ್ತಲಿನ ರೋಮದಂಥ ಎಳೆಗಳನ್ನು ಆಡಿಸಿ ಅದು ನೀರಿನಲ್ಲಿ ಸುಳಿ ಎಬ್ಬಿಸುತ್ತದೆ. ಸುಳಿಗೆ ಸಿಕ್ಕ ಬ್ಯಾಕ್ಟೀರಿಯಾ ಅದರ ಆಹಾರ. ಕೆರೆ, ಜಲಾಶಯಗಳಲ್ಲಿ ಬ್ಯಾಕ್ಟೀರಿಯಾ ಮಿತಿಮೀರದಂತೆ ತಡೆಯುವವು ಇಂಥ ಜೀವಿಗಳೇ. ಇವನ್ನು ದೊಡ್ಡ ಜೀವಿಗಳು ತಿನ್ನುತ್ತವೆ, ಅವನ್ನು ಮೀನುಗಳು. ಕೊಳಚೆನೀರು ಶುದ್ಧೀಕರಣ ಘಟಕಗಳ ಪ್ರಯೋಗಾಲಯದಲ್ಲಿ ಇಂದಿಗೂ ವರ್ಟಿಸೆಲ್ಲಾ ಇದೆಯೇ ಎಂದು ಹುಡುಕುತ್ತಾರೆ. ಇದ್ದರೆ ಘಟಕ ಚೆನ್ನಾಗಿ ನಡೆಯುತ್ತಿದೆ ಎಂದು ತಿಳಿಯುತ್ತಾರೆ.

ಅವರ ಒಂದು ಗುಣ ಮಾತ್ರ ನನಗೆ ಹಿಡಿಸಲಿಲ್ಲ. ತಮ್ಮ ಅತ್ಯುತ್ತಮ ವಿಧಾನಗಳ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಅದನ್ನು ಕಲಿಸಿದ್ದರೆ ಈ ವಿಜ್ಞಾನ ಇನ್ನೂ ಬೇಗ ಬೆಳೆಯುತ್ತಿತ್ತೇನೋ. ಕಲಿಯುವುದಕ್ಕೆ ಪದವಿ ಬೇಕಿಲ್ಲ ಎಂಬುದನ್ನು ಅವರಿಂದಲೇ ತಿಳಿದೆ. ಕಲಿತದ್ದನ್ನು ಹಂಚಬೇಕು ಎಂಬುದನ್ನೂ ಅವರಿಂದಲೇ ತಿಳಿದೆ.

1723ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲೂ ತಮ್ಮ ಕಾಯಿಲೆಯ ಲಕ್ಷಣಗಳನ್ನೇ ಗಮನಿಸಿ, ಅವನ್ನು ವಿವರಿಸಿ ಲಂಡನ್ನಿಗೆ ಪತ್ರ ಬರೆಸುತ್ತಿದ್ದರು.