ಟೆನಿಸ್ ತಾರೆ ಸುಜಾನ್ ಲೆಂಗ್ಲೆನ್

1899ರಲ್ಲಿ ಪ್ಯಾರಿಸಿನಲ್ಲಿ ಜನಿಸಿದ ಸುಜಾನ್ ಲೆಂಗ್ಲೆನ್, ತಂದೆಯ ಕಠಿಣ ಶಿಕ್ಷಣದಲ್ಲಿ ಟೆನಿಸ್ ಕಲಿತಳು. 1919ರ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಎರಡು ಬಾರಿ ಸೋಲಿನಂಚಿಗೆ ಸರಿದೂ ಜಯ ಪಡೆದಳು; ಒಟ್ಟು ಆರು ಸಲ ಅಲ್ಲಿ ಪ್ರಶಸ್ತಿ ಗಳಿಸಿದಳು. 1921ರಲ್ಲಿ ಅಮೆರಿಕದಲ್ಲಿ ಅಸ್ವಸ್ಥಳಾಗಿ ಆಟವನ್ನು ನಡುವೆಯೇ ಬಿಟ್ಟಾಗ, ಪ್ರೇಕ್ಷಕರು ಕನಿಕರಿಸದೆ ಹೀಯಾಳಿಸಿದರು. 1926ರಲ್ಲಿ ವೇಳೆಯ ಗೊಂದಲದಿಂದಾಗಿ ಮೇರಿ ಮಹಾರಾಣಿಯೇ ವಿಂಬಲ್ಡನ್ನಿನಲ್ಲಿ ಆಕೆಗಾಗಿ ಕಾದು ಕುಳಿತರು. ನಿಂದೆಗೆ ಗುರಿಯಾದ ಸುಜಾನ್ ಸ್ಪರ್ಧೆಯನ್ನೇ ತೊರೆದಳು.

ಅದೇ ವರ್ಷ ಆಕೆ ಸಂಭಾವನೆ ಪಡೆದು ಆಡತೊಡಗಿದಳು. ಟಿಕೆಟು ಮಾರಿದವರಿಗೆ ಹಣ ಸಲ್ಲಬಹುದು, ಬೆವರಿಳಿಸಿ ಆಡಿದವರಿಗೆ ಸಲ್ಲಬಾರದೆಂಬುದು ಆ ಕಾಲದ ನೀತಿ. ವಿಂಬಲ್ಡನ್ನಿನ ಬಾಗಿಲು ಆಕೆಗೆ ಮುಚ್ಚಿತು. 1938ರಲ್ಲಿ, 39ನೆಯ ವಯಸ್ಸಿನಲ್ಲಿ ತೀರಿಕೊಂಡಳು. ವೃತ್ತಿ ಆಟಗಾರರಿಗೆ ಆ ಬಾಗಿಲು ತೆರೆದದ್ದು 1968ರಲ್ಲಿ. ದುಡಿಮೆಗೆ ಪ್ರತಿಫಲ ಕೇಳುವುದು ಕೀಳಲ್ಲವೆಂಬ ಮಾತು ಅಂದು ಸ್ಥಿರವಾಯಿತು. ಕೇಳಲು ಸುಜಾನ್ ಇರಲಿಲ್ಲ.