ಗಾಜಿನಂಗಡಿಯ ಹುಡುಗನೂ ಗೌರಿಬಿದನೂರಿನ ಆಂಟೆನಾವೂ

ಆಂಟೆನಾದ ಉದ್ದದ ವರ್ಗವನ್ನು ಎರಡರಿಂದ ಗುಣಿಸಿ ತರಂಗಾಂತರದಿಂದ ಭಾಗಿಸಿದರೆ ಫ್ರಾನ್‌ಹೋಫರ್ ದೂರ ಸಿಗುತ್ತದೆ. ಪರೀಕ್ಷೆಗೆ ಇಷ್ಟೇ ಸಾಕು. ಆದರೆ ಆ ಹೆಸರಿನ ಮನುಷ್ಯ ಕಾಲೇಜು ಮೆಟ್ಟಿಲೇ ಹತ್ತಿರಲಿಲ್ಲ ಎಂದು ತಿಳಿದಾಗ ಬಿ.ಇ. ಓದುತ್ತಿರುವ ನನಗೆ ಆಶ್ಚರ್ಯವಾಯಿತು.

ಜೋಸೆಫ್ ಫ್ರಾನ್‌ಹೋಫರ್ ಹುಟ್ಟಿದ್ದು 1787ರಲ್ಲಿ, ಜರ್ಮನಿಯ ಸ್ಟ್ರಾಬಿಂಗ್‌ನಲ್ಲಿ. ಅಪ್ಪ ಗಾಜಿನ ಕೆಲಸದವನು. ಹನ್ನೊಂದರ ವಯಸ್ಸಿಗೇ ಅನಾಥನಾದ ಹುಡುಗನನ್ನು ಮ್ಯೂನಿಕ್‌ನ ಕನ್ನಡಿ ತಯಾರಕನೊಬ್ಬನ ಬಳಿ ಸಂಬಳವಿಲ್ಲದ ಕೆಲಸಕ್ಕೆ ಬಿಟ್ಟರು. ಓದಲು ಮಾಲೀಕ ಬಿಡುತ್ತಿರಲಿಲ್ಲ. 1801ರಲ್ಲಿ ಆ ಮನೆಯೇ ಕುಸಿಯಿತು. ಅವಶೇಷದಡಿಯಿಂದ ಜೀವಂತ ಬಂದವನಿಗೆ ಅಲ್ಲಿನ ಅರಸ ಹಣ ಕೊಟ್ಟ, ಉಟ್ಸ್‌ಶ್ನೈಡರ್ ಎಂಬ ಉದ್ಯಮಿ ಪುಸ್ತಕ ಕೊಟ್ಟ. ಆ ಹಣದಿಂದ ಹುಡುಗ ಗಾಜು ಉಜ್ಜುವ ಯಂತ್ರ ಕೊಂಡ, ಉಳಿದ ಕರಾರಿನಿಂದ ಬಿಡಿಸಿಕೊಂಡ.

ಮುಂದೆ ಮಸೂರ ತಯಾರಿಕೆಯಲ್ಲಿ ಅವನಿಗೆ ಎದುರಾದದ್ದು ಕ್ಯಾಲಿಬ್ರೇಷನ್ ಸಮಸ್ಯೆ. ಗಾಜು ಒಂದೊಂದು ಬಣ್ಣವನ್ನು ಒಂದೊಂದು ರೀತಿ ಬಾಗಿಸುತ್ತದೆ. ಆದರೆ ಕೆಂಪು ಎಲ್ಲಿ ಮುಗಿದು ಕಿತ್ತಳೆ ಎಲ್ಲಿ ಶುರುವಾಗುತ್ತದೆ? ಅಳೆಯಲು ಅಲುಗಾಡದ ಗುರುತು ಬೇಕಿತ್ತು. 1814ರಲ್ಲಿ ಸೂರ್ಯನ ಬೆಳಕಿನ ವರ್ಣಪಟಲದಲ್ಲಿ ಐನೂರಕ್ಕೂ ಹೆಚ್ಚು ಕಪ್ಪು ಗೆರೆಗಳನ್ನು ಎಣಿಸಿ, ಅವನ್ನೇ ಅಳತೆಯ ಗುರುತು ಮಾಡಿಕೊಂಡ. ಅವು ಏಕಿವೆ ಎಂಬುದು ಗೊತ್ತಾದದ್ದು ದಶಕಗಳ ನಂತರ. ಆಮೇಲೆ ಬೆಳಕಿನ ವಿವರ್ತನೆಯನ್ನು ಅಳೆದ. ಆ ಕೆಲಸದಿಂದಲೇ ಅವನ ಹೆಸರು ನಮ್ಮ ಆಂಟೆನಾ ಪಾಠಕ್ಕೆ ಬಂತು.

ಆ ದೂರದ ಅರ್ಥ ನನಗೆ ತಿಳಿದದ್ದು ನಮ್ಮ ಜಿಲ್ಲೆಯ ಗೌರಿಬಿದನೂರಿನ ಲೆಕ್ಕ ಹಾಕಿದಾಗ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಅಲ್ಲಿ 'ಟಿ' ಆಕಾರದ ರೇಡಿಯೊ ದೂರದರ್ಶಕ ಕಟ್ಟಿದವು. ಸಾವಿರ ಡೈಪೋಲ್‌ಗಳು, ಪೂರ್ವ-ಪಶ್ಚಿಮ ತೋಳು ಸುಮಾರು 1.4 ಕಿ.ಮೀ., 34.5 ಮೆಗಾಹರ್ಟ್ಸ್, ಅಂದರೆ 8.7 ಮೀಟರ್ ತರಂಗಾಂತರ. ಉತ್ತರ: ಸುಮಾರು 450 ಕಿ.ಮೀ.! ಹೆಚ್ಚುಕಡಿಮೆ ಹೈದರಾಬಾದಿನಷ್ಟು ದೂರ. ಅದಕ್ಕಿಂತ ಹತ್ತಿರದ ಮೂಲದಿಂದ ಬರುವ ಅಲೆ ಬಾಗಿರುತ್ತದೆ, ತೋಳಿನ ನಡುವಿಗೂ ತುದಿಗೂ ಹೊಂದುವುದಿಲ್ಲ. ಅಷ್ಟು ದೂರದಲ್ಲಿ ಪ್ರಸಾರಕ ಇಟ್ಟರೆ ಭೂಮಿಯ ಉಬ್ಬೇ ಅಡ್ಡ! ಚಿಕ್ಕ ಆಂಟೆನಾವಾದರೆ ಕೋಣೆಯೊಳಗೆ ಹತ್ತಿರದಿಂದಲೇ ಅಳೆದು, ದೂರದಲ್ಲಿ ಹೇಗಿರುತ್ತದೆ ಎಂದು ಗಣಿತದಿಂದ ಕಂಡುಕೊಳ್ಳಬಹುದು. ಇದಕ್ಕೆ ಎಲ್ಲಿಯ ಕೋಣೆ? ಹಾಗಾಗಿ ಇಂಥ ದೂರದರ್ಶಕಗಳಿಗೆ ಸಿಗ್ನಸ್-ಎ ತರಹದ ಆಕಾಶದ ಪರಿಚಿತ ರೇಡಿಯೊ ಮೂಲಗಳೇ ಅಳತೆಗೋಲು. ಫ್ರಾನ್‌ಹೋಫರ್ ಗುರುತು ಹುಡುಕಿದ್ದೂ ಅಲ್ಲಿಂದ ಬಂದ ಬೆಳಕಿನಲ್ಲೇ.

ಬವೇರಿಯಾದ ವಿಜ್ಞಾನ ಅಕಾಡೆಮಿಗೆ ಅವನನ್ನು ಸೇರಿಸುವಾಗ ಪದವಿ ಇಲ್ಲವೆಂದು ಕೆಲವರು ಆಕ್ಷೇಪಿಸಿದರು. 1822ರಲ್ಲಿ ಎರ್ಲಾಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1826ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ 39 ವರ್ಷ. ಹನ್ನೆರಡು ವರ್ಷಗಳ ನಂತರ, ಅವನ ಕಾರ್ಯಾಗಾರದ ಉಪಕರಣದಿಂದಲೇ ಬೆಸೆಲ್ ಎಂಬ ವಿಜ್ಞಾನಿ ನಕ್ಷತ್ರವೊಂದರ ದೂರವನ್ನು ಅಳೆದ.